ಸಾಹೇಬನ ಕಲ್ಲಿಗೆ ಅಪ್ಪಣೆ ಕೇಳಲು ಸ್ಕಾಟ್ಲೆಂಡಿಗೆ

ಹಲವಾಗಲು

ನಮ್ಮ ಕಡೆ ಅರವತ್ತು ದಾಟಿದವರು ವಿಮಾನ ಹತ್ತುತ್ತಾರೆಂದರೆ ಜನರ ಬಳಿ ಎರಡೇ ಪ್ರಶ್ನೆ: ಮಗಳ ಬಾಣಂತನಕ್ಕೋ, ಮೊಮ್ಮಗನ ಹುಟ್ಟುಹಬ್ಬಕ್ಕೋ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನನ್ನ ಹಳೆಯ ಶಿಷ್ಯನೊಬ್ಬನೂ ಅದನ್ನೇ ಕೇಳಿದ.

“ಎರಡೂ ಅಲ್ಲಪ್ಪ. ಹೊಲದಾಗಿನ ಒಂದು ಕಲ್ಲು ಕಿತ್ತು ಬ್ಯಾರೆ ಕಡಿ ಇಡಬೇಕಾಗೇತಿ. ಅದಕ್ಕ ಅಪ್ಪಣಿ ಕೇಳಾಕ ಹೊಂಟೀವಿ” ಎಂದೆ.

“ತಾಲೂಕು ಆಫೀಸು ಹರಪನಹಳ್ಳ್ಯಾಗೇ ಐತಲ್ರಿ ಸರ್” ಎಂದ.

ಆ ಕಲ್ಲಿನ ಕತೆ ಇಷ್ಟು. ನಮ್ಮ ಅಪ್ಪನ ಅಕ್ಕ, ಕೊಟ್ರಮ್ಮತ್ತೆ, ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಹೊಳೆ ತುಂಬಿ ಹರಿಯುತ್ತಿದ್ದ ಒಂದು ಮಳೆಗಾಲದ ದಿನ ಬ್ರಿಟಿಷರ ಪುಟ್ಟ ವಿಮಾನವೊಂದು ಕೆಮ್ಮುತ್ತಾ ಬಂದು ಹಲವಾಗಲಿನ ಹತ್ತಿರ ತುಂಗಭದ್ರೆಯ ಪಾಲಾಯಿತು. ಹಾರಿಸುತ್ತಿದ್ದವನು ಸಿಗಲಿಲ್ಲ. ಹೊಳೆದಂಡೆಯ ನಮ್ಮ ಹೊಲದಲ್ಲಿ ಸಿಕ್ಕಿದ್ದು ಅವನ ಚರ್ಮದ ಟೊಪ್ಪಿಗೆ ಮತ್ತು ರೆಕ್ಕೆಯ ಒಂದು ತಗಡು ಮಾತ್ರ. ಸರಕಾರದವರು ಬಂದರು, ಹುಡುಕಿದರು, ಹೊಳೆಯನ್ನು ಬೈದು ಹೋದರು. ನಮ್ಮ ಅಜ್ಜ ಟೊಪ್ಪಿಗೆಯನ್ನು ಹೊಲದ ಮೂಲೆಯಲ್ಲಿ ಹುಗಿದು ಮೇಲೊಂದು ಕಲ್ಲು ನಿಲ್ಲಿಸಿದ. ತಗಡನ್ನು ಜೋಳ ತುಂಬುವ ಹಗೇವಿನ ಬಾಯಿಗೆ ಮುಚ್ಚಳ ಮಾಡಿದ. ರೈತನ ಮನೆಯಲ್ಲಿ ಯಾವುದೂ ದಂಡವಾಗುವುದಿಲ್ಲ.

ನಮ್ಮ ಅಜ್ಜಿಯದು ಇನ್ನೊಂದು ಲೆಕ್ಕ. ನಮ್ಮ ಹೊಲದ ಮಗ್ಗುಲಲ್ಲಿ ಸತ್ತವನು, ದಿಕ್ಕುದೆಸೆ ಗೊತ್ತಿಲ್ಲದವನು. ಅವನ ಕಡೆಯವರು ಬರುವ ತನಕ ಅವನ ಹಸಿವು ನಮ್ಮ ಪಾಲಿಗೆ. ಹೀಗೆಂದು ಮಾನವಮಿ ಅಮಾವಾಸ್ಯೆಯ ದಿನ ಹಿರಿಯರಿಗೆಲ್ಲ ಎಡೆ ಇಟ್ಟ ಮೇಲೆ ಅವನಿಗೂ ಒಂದು ಎಡೆ ಹೊಲಕ್ಕೆ ಹೋಗತೊಡಗಿತು. ಹೋಳಿಗೆ, ರೊಟ್ಟಿ, ಶೇಂಗಾ ಚಟ್ನಿ. ಸಾಹೇಬ ಎಂದ ಮೇಲೆ ಚಹಾ ಇಲ್ಲದೆ ನಡೆಯುತ್ತದೆಯೇ ಎಂದು ಅಜ್ಜಿ ಹರಪನಹಳ್ಳಿಯಿಂದ ಪುಡಿ ತರಿಸಿ ಒಂದು ಲೋಟ ಚಹಾ ಕಾಸುತ್ತಿದ್ದಳು. ಆಗ ನಮ್ಮ ಮನೆಯಲ್ಲಿ ಬದುಕಿದ್ದವರು ಯಾರೂ ಚಹಾ ಕುಡಿಯುತ್ತಿರಲಿಲ್ಲವಂತೆ. ಅಜ್ಜಿಯ ನಂತರ ಈ ಕೆಲಸ ಅತ್ತೆಗೆ ಬಂತು. ಗಂಡ ತೀರಿಕೊಂಡ ಮೇಲೆ ಹಡಗಲಿಯಿಂದ ತವರಿಗೆ ಬಂದವಳು, ನಮ್ಮ ಜೊತೆಗೇ ಇದ್ದಾಳೆ. ನಾವೆಲ್ಲ ತಪ್ಪಿಸಿದರೂ ಅವಳು ಒಂದು ವರ್ಷವೂ ಆ ಎಡೆ ತಪ್ಪಿಸಿಲ್ಲ.

ಈಗ ಗಾಳಿಯಂತ್ರದ ಕಂಪನಿಯವರು ಬಂದಿದ್ದಾರೆ. ಆಚೆ ಹೊಲದಲ್ಲಿ ಕಂಬ, ಅದಕ್ಕೆ ದಾರಿ ನಮ್ಮ ಮೂಲೆಯಿಂದ, ಸರಿಯಾಗಿ ಕಲ್ಲಿನ ನೆತ್ತಿಯ ಮೇಲೆ. ಆ ದಾರಿಯಾದರೆ ಮಳೆಗಾಲದಲ್ಲಿ ನಮ್ಮ ಟ್ರಾಕ್ಟರು ಎರೆಮಣ್ಣಿನಲ್ಲಿ ಹೂತು ಕೂರುವುದು ತಪ್ಪುತ್ತದೆ. ನನಗೆ ಅದು ಬೇಕಾಗಿತ್ತು. ಕಲ್ಲನ್ನು ಹತ್ತು ಮಾರು ಆಚೆ ಇಟ್ಟರಾಯಿತು ಎಂದೆ. ಅತ್ತೆ ಕಲ್ಲಿನ ಮುಂದೆ ಹೋಗಿ ಕೂತಳು.

“ಅವ್ನ ಮನಿಯೋರ್ನ ಕೇಳದ ಕೈ ಹಚ್ಚಿದ್ರ ನೋಡು. ಇದು ನಮ್ಮದಲ್ಲ, ಇಟ್ಟುಕೊಂಡಿದ್ದು” ಎಂದಳು.

ಅವನ ಮನೆಯವರನ್ನು ಎಲ್ಲಿಂದ ತರುವುದು ಎಂದು ನಾನು ನಿಶ್ಚಿಂತನಾಗಿದ್ದೆ. ನನ್ನ ಗ್ರಹಚಾರ. ಕಳೆದುಹೋದ ವಿಮಾನಗಳನ್ನು ಹುಡುಕುವುದೇ ಹವ್ಯಾಸವಾಗಿದ್ದ ಬಿಳಿಯನೊಬ್ಬ ಮೋಟಾರ್‌ಸೈಕಲ್ಲಿನಲ್ಲಿ ನಮ್ಮೂರಿಗೆ ಬಂದು, ಹಗೇವಿನ ಮುಚ್ಚಳವನ್ನು ಮುದ್ದಾಡಿ, ಅದರ ಮೇಲಿನ ನಂಬರು ಹಿಡಿದು ಹೋದ. ಮುಂದಿನ ಬೇಸಿಗೆಯೊಳಗೆ ಹೆಸರೂ ಬಂತು, ಊರೂ ಬಂತು. ಹೆಸರು ಡೇವಿ. ಊರು ಸ್ಕಾಟ್ಲೆಂಡಿನ ಕಡಲ ಮಗ್ಗುಲಿನದು. ಅಲ್ಲಿ ಅವನ ಹೆಸರು ಕೆತ್ತಿದ ಸ್ಮಾರಕವಿದೆ. ಅವನ ಅಕ್ಕನ ಮಗಳು ಜೀನ್ ಎಂಬಾಕೆ ಬದುಕಿದ್ದಾಳೆ. ಫೋನಿನಲ್ಲಿ ಕೇಳಿಬಿಡೋಣ ಎಂದೆ.

“ಹೆಣ್ಣು ಕೇಳಾಕ ಫೋನ್ ಮಾಡ್ತಾರೇನು? ಇದು ಅದಕ್ಕಿಂತ ದೊಡ್ಡದು. ಎಲಿ ಅಡಿಕಿ ಹಿಡ್ಕೊಂಡು ಮನಿಗೆ ಹೋಗಿ ಕೇಳಬೇಕು” ಎಂದಳು ಅತ್ತೆ.

ಹೀಗೆ ನಮ್ಮಲ್ಲಿ ಕರಾರಾಯಿತು. ಕಲ್ಲು ಎತ್ತಬೇಕೆಂಬುದು ನನ್ನ ಆಸೆ, ಎತ್ತಬಾರದೆಂಬುದು ಅವಳ ಹಟ. ಜೀನ್ ಹೇಳಿದ್ದೇ ಕೊನೆಯ ಮಾತು. ದುಭಾಷಿ ನಾನು. ಹಗರಿಬೊಮ್ಮನಹಳ್ಳಿಯಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದವನು, ಒಂದು ಪ್ರಶ್ನೆಯನ್ನು ನನಗೆ ಬೇಕಾದ ಉತ್ತರ ಬರುವಂತೆ ಕೇಳಲಾರೆನೇ ಎಂದುಕೊಂಡೆ. ಅತ್ತೆಯೂ ಅದನ್ನೇ ಯೋಚಿಸಿದ್ದಳೆಂದು ಕಾಣುತ್ತದೆ. ಮನೆ ಬಿಡುವಾಗ ಕಲ್ಲಿನ ಮುಂದೆ ನನ್ನ ಕೈ ಹಿಡಿದು, “ಇದ್ದದ್ದು ಇದ್ದಂಗ ಹೇಳಬೇಕು ಬಸ್ಯಾ” ಎಂದು ಭಾಷೆ ತಗೊಂಡಳು.

ಇಳಿದ ಜಾಗ

ಅತ್ತೆಯ ಚೀಲದಲ್ಲಿ ಏನೇನಿದೆ ಎಂಬುದು ನನಗೆ ವಿಮಾನ ನಿಲ್ದಾಣದ ತಪಾಸಣೆಯ ಅಧಿಕಾರಿಯ ಜೊತೆಗೇ ಗೊತ್ತಾಯಿತು. ಕಟಕ್ ರೊಟ್ಟಿಯ ಗಂಟು. ಶೇಂಗಾ ಚಟ್ನಿಪುಡಿ. ಒಣ ಅಡಿಕೆ. ಹರಪನಹಳ್ಳಿಯ ವೀಳ್ಯದೆಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಹಡಗಲಿ ಮಲ್ಲಿಗೆಯ ಮಾಲೆ, ಅದಾಗಲೇ ಚಹಾದ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಸ್ಟೀಲಿನ ಡಬ್ಬಿಯಲ್ಲಿ ಕಲ್ಲಿನ ಬುಡದ ಒಂದು ಹಿಡಿ ಮಣ್ಣು. ಡೇವಿಯ ಊರಿನ ಸ್ಮಾರಕಕ್ಕೆ ಹಾಕಬೇಕೆಂದು ಅತ್ತೆ ನನಗೂ ಹೇಳದೆ ತಂದಿದ್ದಳು.

ಅಧಿಕಾರಿ ಒಬ್ಬಳು ಹುಡುಗಿ, ಬಹಳ ಮರ್ಯಾದಸ್ಥೆ. ಎಲೆ, ಹೂವು, ಮಣ್ಣು ಈ ದೇಶಕ್ಕೆ ಬರುವಂತಿಲ್ಲ ಎಂದು ಮೂರು ಸಲ ಕ್ಷಮೆ ಕೇಳಿ ಮೂರನ್ನೂ ಒಂದು ತೊಟ್ಟಿಗೆ ಹಾಕಿದಳು. ರೊಟ್ಟಿಯನ್ನು ಮಾತ್ರ ಬೆರಳಿನಿಂದ ತಟ್ಟಿ ನೋಡಿ, ಇದು ಯಾವುದರ ಬಿಡಿಭಾಗ ಎಂದು ಕೇಳಿದಳು. ತಿನ್ನುವುದು ಎಂದೆ. ನಂಬದೆಯೇ ಬಿಟ್ಟಳು.

ಅತ್ತೆ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. “ಅಷ್ಟು ದೂರದಿಂದ ಮನಿ ಬಾಗ್ಲಿಗೆ ಬಂದ. ಒಳಗ ಬಿಡಲಿಲ್ಲ ನೋಡು” ಎಂದಳು. ನನ್ನ ಮುಖ ಅವಳಿಗೆ ಕಾಣಬಾರದೆಂದು ಚೀಲದ ಜಿಪ್ಪು ಹಾಕುತ್ತಾ ಕೂತೆ.

ರೈಲು

ರೈಲಿನ ಕಿಟಕಿಯ ಉದ್ದಕ್ಕೂ ಕುರಿ. ಕೂಡ್ಲಿಗಿ ಕಡೆಯ ಕುರಿಗಳೆಲ್ಲ ಸ್ನಾನ ಮಾಡಿ ಇಲ್ಲಿಗೆ ಬಂದಂತಿತ್ತು. ನಮ್ಮಲ್ಲಿಯ ಹಾಗೇ ಬೆನ್ನಿಗೆ ಕೆಂಪು ನೀಲಿ ಬಣ್ಣದ ಗುರುತು. ಅತ್ತೆ ಬಹಳ ಹೊತ್ತು ನೋಡಿದಳು.

“ಕುರುಬ ಎಲ್ಲಿ?”

“ಇಲ್ಲ. ತಾವೇ ಮೇಯ್ತಾವು.”

“ನಾಯಿ?”

“ಅದೂ ಕಾಣಂಗಿಲ್ಲ.”

“ಹಂಗಾರ ನಂಬಿಗಸ್ತ ದೇಶ” ಎಂದು ತೀರ್ಪು ಕೊಟ್ಟು, ಎದುರಿಗೆ ಕೂತಿದ್ದ ಅಪರಿಚಿತ ದಂಪತಿಗೆ ತಲಾ ಅರ್ಧ ರೊಟ್ಟಿ ಹಂಚಿದಳು. ಇಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ಕೊಟ್ಟೂರು ಬಸ್ಸಲ್ಲ ಇದು ಎಂದು ನಾನು ಪಿಸುಗುಟ್ಟುತ್ತಿದ್ದಂತೆಯೇ ಆ ಗಂಡಸು ರೊಟ್ಟಿ ಕಡಿದ. ಇಡೀ ಬೋಗಿ ತಿರುಗಿ ನೋಡುವಷ್ಟು ಸದ್ದಾಯಿತು. ಅವನ ಹೆಂಡತಿ ನಕ್ಕಳು, ತಾನೂ ಕಡಿದಳು, ಚಟ್ನಿಪುಡಿಗೆ ಇಬ್ಬರ ಕಣ್ಣಲ್ಲೂ ನೀರು ಬಂತು. ಇಳಿಯುವಾಗ ಆ ಮನುಷ್ಯ ನಮ್ಮ ಚೀಲ ಇಳಿಸಿಕೊಟ್ಟ.

ಜೀನ್ ಮನೆ

ಜೀನ್ ನಿಲ್ದಾಣಕ್ಕೆ ಬಂದಿದ್ದಳು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಕಾರನ್ನೂ ಹಿಂದೆ ಐವತ್ತು ಮಕ್ಕಳಿರುವಂತೆಯೇ ಗದರುತ್ತಾ ಓಡಿಸಿದಳು. ಅವಳ ಮಾತು ಶುರುವಾದ ಕೂಡಲೇ ನನ್ನ ಇಂಗ್ಲಿಷು ಸತ್ತುಬಿತ್ತು. ಅದು ನಾನು ಕಲಿಸಿದ ಭಾಷೆಯೇ ಅಲ್ಲ. ಮೂರನೆಯ ಸಲ ಹೇಳಿದಾಗ ಹೊಳೆಯಿತು: ಇದು ಅವರ ಕಡೆಯ ಹಳ್ಳಿ ಇಂಗ್ಲಿಷ್. ಆದ್ದರಿಂದ ಅವಳ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಅದೇ ನ್ಯಾಯ.

ಮನೆಗೆ ಹೋದ ಕೂಡಲೇ ಅವಳು ಕೇಳಿದಳು. “ಚಾ ಕುಡೀತೀರೇನು?”

“ಬ್ಯಾಡ್ರಿ, ಯಾಕ ಸುಮ್ನ ತ್ರಾಸು” ಎಂದಳು ಅತ್ತೆ. ನಾನೂ ಹಾಗೇ ಅಂದೆ.

“ಆತು” ಎಂದು ಜೀನ್ ಕೂತುಬಿಟ್ಟಳು.

ನಮ್ಮಲ್ಲಿ ಮೊದಲನೆಯ ಬೇಡಕ್ಕೆ ಬೆಲೆಯಿಲ್ಲ. ಎರಡನೆಯದಕ್ಕೆ ನೀರು ಒಲೆಯ ಮೇಲಿರುತ್ತದೆ, ಮೂರನೆಯದಕ್ಕೆ ಲೋಟ ಕೈಯಲ್ಲಿರುತ್ತದೆ. ಇಲ್ಲಿ ಬೇಡ ಎಂದರೆ ಬೇಡ. ಎರಡನೆಯ ಸಲ ಕೇಳಿಯಾಳೆಂದು ನಾವಿಬ್ಬರೂ ಒಣಗಿದ ನಾಲಗೆಯಲ್ಲಿ ಕಾಯುತ್ತಾ ಕೂತೆವು. ಅತ್ತೆಗೆ ಊಟದ ಚಿಂತೆಯೂ ಇತ್ತು. ಹೊತ್ತು ಮುಳುಗಿ ದೀಪ ಹಚ್ಚಿ ಲಿಂಗಪೂಜೆ ಮಾಡದೆ ಅವಳು ಉಣ್ಣುವುದಿಲ್ಲ. ಅಲ್ಲಿಯ ಬೇಸಿಗೆಯ ಸೂರ್ಯ ಎಲ್ಲರೂ ಮಲಗುವ ಹೊತ್ತಾದರೂ ಕಡಲ ಮೇಲೆ ಕೂತೇ ಇದ್ದ.

“ಇಲ್ಲಿ ಹೊತ್ತು ಮುಳುಗಂಗಿಲ್ಲೇನೋ? ಜೀವ ಮುಳುಗಾಕ ಹತ್ತೇತಿ” ಎಂದಳು. ಕೊನೆಗೆ ಹಲವಾಗಲಿನಲ್ಲಿ ಇಷ್ಟು ಹೊತ್ತಿಗೆ ಎಂದೋ ಮುಳುಗಿರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಊರಿನ ಸೂರ್ಯನ ಲೆಕ್ಕದಲ್ಲಿ ಪೂಜೆ ಮುಗಿಸಿ ಉಂಡಳು.

ಸ್ಮಾರಕ

ಊರು ಕೂಡ್ಲಿಗಿಯ ಎರಡು ಓಣಿಯಷ್ಟಿಲ್ಲ. ಕಡಲ ದಂಡೆಗೆ ಸಾಲಾಗಿ ಬೆಂಚು. ಗಾಳಿ ಹೇಗೆಂದರೆ, ನಮ್ಮ ಕಂಪನಿಯವರು ನೋಡಿದ್ದರೆ ಹಲವಾಗಲು ಬಿಟ್ಟು ಇಲ್ಲಿಗೇ ಬರುತ್ತಿದ್ದರು. ನಾನು ದಣಿದು ಒಂದು ಬೆಂಚಿನ ಮೇಲೆ ಕೂತೆ. ಅದರ ಬೆನ್ನಿಗೆ ಹಿತ್ತಾಳೆಯ ಪಟ್ಟಿಯಲ್ಲಿ ಯಾರದೋ ಹೆಸರಿತ್ತು. ಏನು ಬರೆದಿದೆ ಎಂದು ಅತ್ತೆ ಕೇಳಿದಳು. ಸತ್ತವರ ನೆನಪಿಗೆ ಎಂದೆ.

“ಏಳಲೇ. ಸತ್ತೋರ ತೊಡಿ ಮ್ಯಾಲೆ ಕುಂತೀಯಲ್ಲ, ಬುದ್ಧಿ ಐತೇನು ನಿನಗ” ಎಂದು ಕೈ ಹಿಡಿದು ಎಬ್ಬಿಸಿದಳು. ಮುಂದಿನ ಬೆಂಚು, ಅದರ ಮುಂದಿನದು, ಎಲ್ಲಕ್ಕೂ ಒಬ್ಬೊಬ್ಬರ ಹೆಸರು. ಕೂರಲೆಂದೇ ಇಟ್ಟಿರುವುದು, ಯಾರಾದರೂ ಬಂದು ಕೂತರೆ ಸತ್ತವರಿಗೂ ಹೊತ್ತು ಹೋಗುತ್ತದೆ ಎಂದು ಜೀನ್ ವಿವರಿಸಿದಳು. ಅತ್ತೆಗೆ ಆ ಮಾತು ಹಿಡಿಸಿತು. ಆದರೂ ಕೂರಲಿಲ್ಲ.

ಸ್ಮಾರಕ ಬೂದುಗಲ್ಲಿನ ಒಂದು ಕಂಬ. ತುದಿಯಲ್ಲಿ ಕಡಲಹಕ್ಕಿಯೊಂದು ಊರಗೌಡನಂತೆ ಕೂತಿತ್ತು. ನಾಲ್ಕೂ ಮುಖಕ್ಕೆ ಹೆಸರುಗಳು. ಅತ್ತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ತಣ್ಣನೆಯ ಹಾಸುಗಲ್ಲಿನ ಮೇಲೆ ಸುತ್ತು ಬಂದಳು. “ಇವೆಲ್ಲ ಏನು?” ಎಂದಳು. ಎಲ್ಲರೂ ಈ ಊರಿನ ಹುಡುಗರು, ಯುದ್ಧದಲ್ಲಿ ಹೋದವರು ಎಂದೆ.

“ಇಷ್ಟು ಸಣ್ಣ ಊರಾಗ ಇಷ್ಟು ಮಂದಿನಾ?”

ಜೀನ್ ಅವಳ ಕೈ ಹಿಡಿದು ತಂದು ಕೆಳಗಿನ ಸಾಲಿನಲ್ಲಿ ಒಂದು ಹೆಸರಿನ ಮೇಲೆ ಬೆರಳಿಡಿಸಿದಳು. ಅತ್ತೆಗೆ ಓದಲು ಬಾರದು. ಅಕ್ಷರಗಳನ್ನು ಒಂದೊಂದಾಗಿ ಸವರಿ, “ಬಂದೆನಪ್ಪ” ಎಂದಳು. ಅಷ್ಟೇ ಅಂದಿದ್ದು.

ಹೊರಡುವಾಗ ಅವಳು ಚಪ್ಪಲಿ ಮೆಟ್ಟಲು ಹೋಗಿ ನಿಂತಳು. ಊರು ಬಿಡುವ ದಿನ ಅದೇ ಚಪ್ಪಲಿಯಲ್ಲಿ ಹೊಲಕ್ಕೆ ಹೋಗಿದ್ದಳಲ್ಲ. ಕಂಬದ ಬುಡದ ಹುಲ್ಲಿನ ಮೇಲೆ ಎರಡೂ ಚಪ್ಪಲಿಗಳನ್ನು ಬಡಿದಳು. ಅಟ್ಟೆಯ ಸಂದಿಯಿಂದ ಒಣಗಿದ ಎರೆಮಣ್ಣು ಚೂರುಚೂರಾಗಿ ಉದುರಿತು. ತೊಟ್ಟಿಗೆ ಹಾಕುವವರು ಯಾರೂ ಸುತ್ತಮುತ್ತ ಇರಲಿಲ್ಲ.

“ಮೊದಲು ಈ ಕಂಬ ಇಲ್ಲಿರಲಿಲ್ಲ” ಎಂದಳು ಜೀನ್, ಹಿಂದಿರುಗುವ ದಾರಿಯಲ್ಲಿ. “ಊರ ನಡುವ ಮೂರು ದಾರಿ ಕೂಡೋ ಕಡಿ ಇತ್ತು. ಗಾಡಿ ಜಾಸ್ತಿ ಆದ್ವು ಅಂತ ಎತ್ತಿ ಇಲ್ಲಿಟ್ರು. ನಮ್ಮವ್ವ ಎಂಟು ದಿನ ಅತ್ತಳು. ಆಮೇಲೆ ಇಲ್ಲೇ ಚಲೋ ಐತಿ, ನಮ್ಮ ಡೇವಿಗೆ ಕಡಲ ಕಾಣತೈತಿ ಅಂತಿದ್ದಳು. ಕಲ್ಲಿಗೆ ಕಾಲಿಲ್ಲಲ್ಲ, ನಾವೇ ಎತ್ತಬೇಕು.”

ನನಗೆ ಒಳಗೊಳಗೇ ಕುಣಿಯುವಂತಾಯಿತು. ಅತ್ತೆಗೆ ಇದನ್ನು ಅನುವಾದಿಸಿ ಹೇಳಿದೆ, ಒಂದು ಪದವನ್ನೂ ಬಿಡದೆ.

ಅಡುಗೆಮನೆ

ಕೇಳುವ ಗಳಿಗೆ ಬಂತು. ಜೀನ್‌ಳ ಅಡುಗೆಮನೆಯಲ್ಲಿ ಮೂವರೂ ಕೂತೆವು. ಈ ಸಲ ಚಹಾ ಎಂದಾಗ ಅತ್ತೆ ಮೊದಲ ಮಾತಿಗೇ ಹೂಂ ಅಂದಳು, ಕಲಿತಿದ್ದಳು. ಲೋಟ ಕೈಗೆ ಬಂದಾಗ ಎಡೆಯ ನೆನಪಾಗಿ, ಸಾಹೇಬನಿಗೆ ವರ್ಷವರ್ಷವೂ ಚಹಾ ಇಡುವ ಕತೆಯನ್ನು ಹೇಳು ಎಂದಳು. ಹೇಳಿದೆ. ಜೀನ್ ಲೋಟ ಕೆಳಗಿಟ್ಟಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

“ಅವಂಗ ಚಾ ಅಂದ್ರ ಆಗ್ತಿರಲಿಲ್ಲ. ವಾಸನಿ ಬಂದ್ರ ಎದ್ದು ಹೋಗ್ತಿದ್ದನಂತ. ಬರೇ ಹಾಲು. ಮನ್ಯಾಗ ಎಲ್ರೂ ಅವನ್ನ ಬೆಕ್ಕು ಅಂತ ಕರೀತಿದ್ರು. ಇದ್ದ ಹಾಲೆಲ್ಲ ಕುಡೀತಾನ ಅಂತ ನಮ್ಮವ್ವಗೂ ಅವಂಗೂ ದಿನಾ ಜಗಳ.”

ಇದನ್ನು ಅನುವಾದಿಸಲು ನಾನು ಹೆದರಿದೆ. ಆದರೆ ಭಾಷೆ ಕೊಟ್ಟಾಗಿತ್ತು. ಕೇಳಿದ ಅತ್ತೆಯ ಮುಖ ಇಳಿದುಹೋಯಿತು.

“ಅಯ್ಯ ಶಿವನ. ಬ್ಯಾಡ ಅನ್ನೋ ಹುಡುಗ್ಗ ಇಷ್ಟು ವರ್ಷ ಚಾ ಕುಡಿಸೀವಲ್ಲೋ ಬಸ್ಯಾ. ಸತ್ತೋನು, ಬಾಯಿ ಬಿಟ್ಟು ಹೇಳೋದಾರ ಹ್ಯಾಂಗ.” ಕಂಬದ ಮುಂದೆ ಅಳದವಳು ಇಲ್ಲಿ ಸೆರಗು ಬಾಯಿಗಿಟ್ಟು ಅತ್ತಳು. ಜೀನ್ ಎದ್ದು ಬಂದು ಅವಳ ಬೆನ್ನು ಸವರಿದಳು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕಣ್ಣೊರೆಸಿಕೊಂಡು, “ಕೇಳು” ಎಂದಳು. ರೈಲಿನುದ್ದಕ್ಕೂ ಮಸೆದಿಟ್ಟಿದ್ದ ನನ್ನ ಜಾಣ ವಾಕ್ಯ ನನಗೆ ನೆನಪಾಗಲಿಲ್ಲ. ಕಲ್ಲು ದಾರಿಗೆ ಅಡ್ಡವಿದೆ, ನನಗೆ ಎತ್ತಬೇಕು, ಇವಳಿಗೆ ಬೇಡ, ನೀವು ಏನಂತೀರಿ ಎಂದು ಕೇಳಿಬಿಟ್ಟೆ.

“ಎತ್ತಿ ಎಲ್ಲಿ ಇಡ್ತೀರಿ?”

“ಅದೇ ಹೊಲದಾಗ, ಇನ್ನೊಂದು ಮೂಲ್ಯಾಗ.”

“ಹೊಲದಾಗ ಯಾಕ?” ಎಂದಳು ಜೀನ್. “ಹೊಲದ ಕೆಲಸ ಅಂದ್ರ ಅವ ಓಡಿಹೋಗ್ತಿದ್ದ. ಯಾವಾಗ್ಲೂ ಅಡುಗಿಮನಿ ಬಾಗ್ಲಾಗ ನಿಂತಿರ್ತಿದ್ದನಂತ, ಅಲ್ಲಿ ಬೆಚ್ಚಗ ಇರ್ತೈತಿ ಅಂತ. ನಿಮ್ಮ ಅಡುಗಿಮನಿ ಹತ್ರ ಇಟ್ಕೊಳ್ರಿ.”

ಅತ್ತೆ ನಿಧಾನವಾಗಿ ತಲೆ ಆಡಿಸಿದಳು. “ಮಂದಿ ಕಲ್ಲು ಮನಿಗೆ ತರಂಗಿಲ್ಲವ್ವ. ನಿಮ್ಮೋನು ಅವ. ನೀ ಕೊಟ್ರ ನಮ್ಮೋನಾಗ್ತಾನ, ಆಗ ತರಬಹುದು. ಕೊಡ್ತೀಯೇನು ಕೇಳು.”

ಕೇಳಿದೆ. ಹೇಗೆ ಕೊಡುವುದು ಎಂದಳು ಜೀನ್. ಎಲೆ ಅಡಿಕೆ ಹಿಡಿದು ಎಂದೆ. ಅಡಿಕೆ ಇದೆ, ಎಲೆಯನ್ನು ನಿಮ್ಮ ಸರಕಾರ ಕಸಿದುಕೊಂಡಿದೆ ಎಂದೂ ಸೇರಿಸಿದೆ.

“ಎಲಿಗೇನು ಬರ” ಎಂದು ಅತ್ತೆ ಹಿತ್ತಿಲಿಗೆ ನಡೆದು, ಕೆಂಪು ದಂಟಿನ ಒಂದು ಗಿಡದಿಂದ ಹೃದಯದಾಕಾರದ ದೊಡ್ಡ ಎಲೆ ಕಿತ್ತಳು. ನೋಡಲು ವೀಳ್ಯದೆಲೆಯ ದೊಡ್ಡಣ್ಣನಂತಿತ್ತು. ಜೀನ್ ಬಸ್ಸಿಗೆ ಬ್ರೇಕು ಹಾಕುವವಳಂತೆ ಓಡಿ ಬಂದು ಅದನ್ನು ಕಿತ್ತುಕೊಂಡಳು. ಅದರ ದಂಟು ತಿನ್ನುತ್ತಾರಂತೆ, ಎಲೆ ವಿಷವಂತೆ. ಡೇವಿಯನ್ನು ಕೊಡುವ ಶಾಸ್ತ್ರದಲ್ಲಿ ಮೂವರೂ ಅವನ ಹಿಂದೆಯೇ ಹೋಗುವುದು ತಪ್ಪಿತು. ಕೊನೆಗೆ ಜೀನ್ ತಾನೇ ಬಾಗಿ ಕೋಸಿನ ಒಂದು ಎಳೆ ಎಲೆ ಮುರಿದುಕೊಂಡು ಬಂದಳು.

ಕೋಸಿನ ಎಲೆಯ ಮೇಲೆ ಅಡಿಕೆ ಇಟ್ಟು ಇಬ್ಬರೂ ಎರಡು ಕಡೆಯಿಂದ ಹಿಡಿದರು. ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

“ಕೊಟ್ಟೆ ಅನ್ನು” ಎಂದಳು ಅತ್ತೆ.

ಜೀನ್ ನನ್ನತ್ತ ನೋಡಿದಳು. ಅರ್ಥ ಹೇಳಿದೆ. ಅವಳು ಎಲೆಯನ್ನು ಅತ್ತೆಯ ಕಡೆ ದೂಡಿ, ಕನ್ನಡದಲ್ಲೇ “ಕೊಟ್ಟೆ” ಎಂದಳು. ಇಡೀ ಪ್ರವಾಸದಲ್ಲಿ ನಾನು ಅನುವಾದಿಸಬೇಕಾಗದೆ ಹೋದ ಒಂದೇ ಮಾತು ಅದು. ಆಮೇಲೆ ಮರ್ಯಾದೆಗೆ ಅಡಿಕೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಸಂಜೆಯವರೆಗೂ ಯಾವ ಕಡೆಯ ಹಲ್ಲಿಗೆ ದೂಡುವುದೆಂದು ತಿಳಿಯದೆ ಒದ್ದಾಡಿದಳು.

ಮತ್ತೆ ಹಲವಾಗಲು

ಗೆದ್ದವನು ನಾನೇ ಎಂದುಕೊಂಡೇ ವಿಮಾನ ಇಳಿದೆ. ಕಲ್ಲು ಬಂತು, ಅದರ ಕೆಳಗಿನ ಮಣ್ಣೂ ಬುಟ್ಟಿಯಲ್ಲಿ ಬಂತು. ಹಿತ್ತಿಲಲ್ಲಿ ಅಡುಗೆಮನೆಯ ಬಾಗಿಲ ಬಲಕ್ಕೆ, ಒಲೆಯ ಬಿಸಿ ತಾಗುವಲ್ಲಿ ನಿಲ್ಲಿಸಿದೆವು. ಹೊಲದಲ್ಲಿ ದಾರಿಯಾಯಿತು, ಟ್ರಾಕ್ಟರು ಹೂಳುವುದು ನಿಂತಿತು. ಮಾನವಮಿ ಅಮಾವಾಸ್ಯೆಗೆ ಹೋಳಿಗೆಯ ಪಕ್ಕ ಹಾಲು ಇಟ್ಟೆವು. ಇನ್ನು ವರ್ಷದ ತನಕ ಬಿಡುವು ಎಂದು ನಾನು ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಚಹಾಕ್ಕೆಂದು ಬಂದರೆ ಅತ್ತೆ ನನ್ನ ಕೈಗೆ ಹಾಲಿನ ಬಟ್ಟಲು ಕೊಟ್ಟಳು.

“ನಿನ್ನೆ ಇಟ್ಟೀವಲ್ಲ ಅತ್ತಿ.”

“ಅದು ಹೊಲದಾಗ ಇದ್ದಾಗ. ಮನ್ಯಾಗಿನೋರಿಗೆ ವರ್ಷಕ್ಕೊಮ್ಮೆ ಹಾಕ್ತಾರೇನು? ದಿನಾ. ನನ್ನ ಕಾಲು ಇನ್ನ ಬಗ್ಗಂಗಿಲ್ಲ. ನೀನೇ ಇಡು.”

ಅಷ್ಟು ವರ್ಷ ಎಡೆ ಇಟ್ಟು, ಕಲ್ಲಿನ ಮುಂದೆ ಕೂತು ಹಟ ಹಿಡಿದವಳ ಚಿಂತೆ ಕಲ್ಲಿನದಾಗಿರಲಿಲ್ಲ, ತನ್ನ ನಂತರ ಯಾರು ಎಂಬುದಾಗಿತ್ತು ಎಂದು ಬಟ್ಟಲು ಹಿಡಿದು ಬಗ್ಗಿದಾಗಲೇ ನನಗೆ ಅರ್ಥವಾಯಿತು. ಹಾಲನ್ನು ಪಕ್ಕದ ಮನೆಯ ಕರಿಬೆಕ್ಕು ಬಂದು ಕುಡಿಯುತ್ತದೆ. ಅದನ್ನು ಓಡಿಸಬೇಡ ಎಂದು ಅತ್ತೆಯ ಕಟ್ಟಪ್ಪಣೆ. ಜೀನ್ ಫೋನು ಮಾಡಿದಾಗ ಇದನ್ನು ಹೇಳಿದೆ. ಆ ಕಡೆ ಬಹಳ ಹೊತ್ತು ನಗು ಕೇಳಿಸಿತು.

ಈಗೀಗ ಅತ್ತೆ ತಡವಾಗಿ ಏಳುತ್ತಾಳೆ. ಎದ್ದವಳು ಹಾಸಿಗೆಯಿಂದಲೇ ಕೇಳುವುದು ಒಂದೇ ಮಾತು: “ಕೊಟ್ಟಿಯೇನೋ?”

“ಕೊಟ್ಟೆ” ಎನ್ನುತ್ತೇನೆ. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ, ಅವನಿಗೆ ವಾಸನೆ ಹೋಗದಂತೆ ಕಲ್ಲಿಗೆ ಬೆನ್ನು ಮಾಡಿ ಕೂತು, ನನ್ನ ಚಹಾ ಕುಡಿಯುತ್ತೇನೆ.